ಲ್ಯಾಬಿನ ಇಲಿಗೆ ಒಂಟಿ ಪಂಜರವೇ ಸುಖವಾ?

ಮಂಗಳೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಮತ್ತೆ ಮತ್ತೆ ಬರುವ ಮೆಸೇಜಿದು: ಲ್ಯಾಬಿನ ಇಲಿಗಳನ್ನು ಒಟ್ಟಿಗೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ, ಒಂಟಿ ಪಂಜರವೇ ಒಳ್ಳೆಯದು.

ಇದು ತಪ್ಪು. ಇಲಿ ಗುಂಪಿನಲ್ಲಿ ಬಾಳುವ ಪ್ರಾಣಿ. ನಮ್ಮ ಅಟ್ಟದಲ್ಲೂ ಒಂದೇ ಇಲಿ ಇರುವುದು ಅಪರೂಪ ಅಲ್ವಾ ಮಾರಾಯ್ರೆ! ಮರಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುವುದು ಹೆಚ್ಚಾಗಿ ಆಟ. ಆಗ ಅವು ಸುಮಾರು 50 ಕಿಲೋಹರ್ಟ್ಸ್‌ನ ತೀರಾ ಕೀಚಲು ದನಿಯಲ್ಲಿ ಚಿಲಿಪಿಲಿ ಅನ್ನುತ್ತವೆ. ನಮ್ಮ ಕಿವಿಗೆ 20ರ ಮೇಲೆ ಕೇಳುವುದಿಲ್ಲ, ಹಾಗಾಗಿ ಸುಮ್ನೆ ಜಗಳ ಅನಿಸುತ್ತದೆ. ಆದರೆ ಇಲಿಯ ಹಾಗೆ ಕಾಣುವ ಸಿರಿಯನ್ ಹ್ಯಾಮ್‌ಸ್ಟರ್ ಅನ್ನುವ ಪ್ರಾಣಿ ನಿಜವಾಗಿಯೂ ಒಂಟಿ ಜೀವಿ. ಗೊಂದಲ ಅಲ್ಲಿಂದ ಬಂದಿರಬಹುದು.

ಮೆಸೇಜು ಯಾವ ಪ್ರಾಣಿಯದ್ದು ಅಂತ ಮೊದಲು ನೋಡಿ. ಆಮೇಲೆ ಪ್ರಯೋಗದ ಪ್ರಾಣಿಗಳ ಬಗ್ಗೆ ಯುರೋಪಿನ 2010ರ ನಿಯಮ ಓದಿ, ನೆಟ್ಟಲ್ಲಿ ಪುಕ್ಕಟೆ ಸಿಗುತ್ತದೆ. ಸಹಜವಾಗಿ ಒಂಟಿಯಾಗಿರುವವನ್ನು ಬಿಟ್ಟು ಉಳಿದವನ್ನು ಜೊತೆಯಲ್ಲೇ ಇಡಬೇಕು ಎಂದಿದೆ. ಆಪರೇಷನ್ ಆದ ಇಲಿಯನ್ನು ಸ್ವಲ್ಪ ದಿನ ಬೇರೆ ಇಡುವುದುಂಟು, ಅದು ಬೇರೆ ವಿಷಯ.