ಮೊಬೈಲಿನೋರು ಆ ಕಡೆ, ಕ್ಯಾಮೆರಾದೋರು ಈ ಕಡೆ

ನಮ್ಮ ಫೇಸ್‌ಬುಕ್ ಫೋಟೋ ಗ್ರೂಪಲ್ಲಿ ಮೂರು ದಿನದಿಂದ ಒಂದೇ ಜಗಳ. ಮೊಬೈಲಲ್ಲಿ ತೆಗೆಯೋರಿಗೆ ಒಂದು ಗ್ರೂಪು, ಡಿಎಸ್‌ಎಲ್‌ಆರ್, ಮಿರರ್‌ಲೆಸ್ ಅಂತ ಲೆನ್ಸ್ ಬದಲಾಯಿಸೋ ಕ್ಯಾಮೆರಾ ಇರೋರಿಗೆ ಇನ್ನೊಂದು, ಒಡೆದುಬಿಡೋಣ ಅಂತ ಹಿರಿಯರೊಬ್ರು ಎತ್ತಿದ್ರು, ವೋಟಿಂಗ್ ಬೇರೆ ಹಾಕಿದಾರೆ. ಅಡ್ಮಿನ್ ಆದೋನು ಬಾಯಿ ಮುಚ್ಕೊಂಡಿರ್ಬೇಕು ಅಂತ ಮನೇಲಿ ಹೇಳಿದ್ರು, ಆಗ್ತಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಇದು ಶುರುವಾಗಿದ್ದು ಒಂದು ಫೋಟೋದಿಂದ. ತೀರ್ಥಹಳ್ಳಿ ಕಡೆ ಹುಡುಗಿಯೊಬ್ಳು ಅಜ್ಜಿ ಫೋಟೋ ಹಾಕಿದ್ಲು. ಹಳೇ ಹೆಂಚಿನ ಮನೆ, ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು, ಅದರಿಂದ ಇಳಿದ ಬಿಸಿಲು ಒಲೆ ಹೊಗೇಲಿ ಕೋಲಿನ ಥರ ನಿಂತಿದೆ, ಅಜ್ಜಿ ಊದುಗೊಳವೆ ಬಾಯಿಗಿಟ್ಕೊಂಡು ಕೆನ್ನೆ ಉಬ್ಬಿಸಿದಾರೆ. ಅಷ್ಟೇ. ಕೆಳಗೆ "ಸೂಪರ್ ಲೈಟ್ ಮೇಡಂ, ಯಾವ ಲೆನ್ಸು?" ಅಂತ ನಾಲ್ಕೈದು ಜನ ಕೇಳಿದ್ರು. ಆಕೆ ಪಾಪ "ಮೊಬೈಲ್ ಸರ್, ಅಣ್ಣಂದು" ಅಂತ ಬರೆದ್ಲು ನೋಡಿ, ಅಲ್ಲಿಗೆ ಎಲ್ಲಾ ಗಪ್‌ಚುಪ್. ಆಮೇಲೊಬ್ರು ಬಂದು "ಮೊಬೈಲಲ್ಲಿ ಎಲ್ಲಾ ಸಾಫ್ಟ್‌ವೇರೇ ಮಾಡುತ್ತೆ ಬಿಡಿ" ಅಂದ್ರು. ಅಲ್ಲ ಸ್ವಾಮಿ, ಅಜ್ಜಿ ಊದೋ ತನಕ ಹೊಗೇಲಿ ಕಣ್ಣು ಉರಿಸ್ಕೊಂಡು ಕಾದಿದ್ದು ಯಾವ ಸಾಫ್ಟ್‌ವೇರು?

ಇರ್ಲಿ. ಒಡೆಯೋದಾದ್ರೂ ಎಲ್ಲಿಗೆ ಗೆರೆ ಹಾಕ್ತೀರಿ? ಮೈಸೂರಲ್ಲಿ ನಮ್ಮ ರಿಟೈರ್ಡ್ ಮೇಷ್ಟ್ರೊಬ್ರು ಇದಾರೆ, ಬೆಳಿಗ್ಗೆ ಎದ್ರೆ ಕುಕ್ಕರಹಳ್ಳಿ ಕೆರೆ, ಕೈಯಲ್ಲಿ ನಿಕಾನ್ ಪಿ900, ಲೆನ್ಸ್ ಬಿಚ್ಚೋಕೆ ಬರಲ್ಲ, ಆದ್ರೆ 83 ಪಟ್ಟು ಝೂಮು, ಆಚೆ ದಡದ ಹೆಜ್ಜಾರ್ಲೆ ಕಣ್ಣು ಕಾಣ್ಸುತ್ತೆ. ಅದರ ಸೆನ್ಸರ್, ಅಂದ್ರೆ ಬೆಳಕು ಹಿಡಿಯೋ ಚಿಪ್ಪು, ಸುಮಾರು 28 ಚದರ ಮಿಲಿಮೀಟರ್, ಫುಲ್ ಫ್ರೇಮ್ ಅನ್ನೋ ದೊಡ್ಡ ಕ್ಯಾಮೆರಾಗಳದ್ದು 864. ಇವತ್ತಿನ ದುಬಾರಿ ಫೋನುಗಳ ಮೇನ್ ಸೆನ್ಸರೇ ಮೇಷ್ಟ್ರ ಕ್ಯಾಮೆರಾದ್ದಕ್ಕಿಂತ ದೊಡ್ಡದು! ಈಗ ಮೇಷ್ಟ್ರು ಯಾವ ಪಂಕ್ತೀಲಿ ಕೂರ್ಬೇಕು ಹೇಳಿ. ಅವರನ್ನ ಕೇಳಿದ್ರೆ "ನನ್ನ ಬಾಗಿಲಲ್ಲೇ ನಿಲ್ಸಿಬಿಡಪ್ಪಾ, ಚಪ್ಪಲಿ ಕಾಯ್ತೀನಿ" ಅಂದ್ರು.

ಹಕ್ಕಿ ಫೋಟೋದೋರ ಸಂಕಟ ನಂಗೂ ಅರ್ಥ ಆಗುತ್ತೆ, ಸುಳ್ಳು ಹೇಳಲ್ಲ. ರಂಗನತಿಟ್ಟಲ್ಲಿ ದೋಣಿ ಮೇಲಿಂದ ಫೋನ್ ಝೂಮ್ ಎಳೆದ್ರೆ ಕೊಕ್ಕರೆ ವಾಟರ್‌ಕಲರ್ ಪೇಂಟಿಂಗ್ ಥರ ಬರುತ್ತೆ, ಪಕ್ಕದಲ್ಲಿ ಎರಡು ಕೆಜಿ ಹತ್ತಿರದ 150-600 ಎಂಎಂ ಝೂಮ್ ಲೆನ್ಸ್ ಹೊತ್ಕೊಂಡೋನಿಗೆ ರೆಕ್ಕೆಯ ಒಂದೊಂದು ಗರಿ ಸಿಗುತ್ತೆ. ಶಟರ್ ಸ್ಪೀಡ್ ಬಗ್ಗೆ ಏನೋ ಸೀರಿಯಸ್ಸಾಗಿ ಕೇಳಿದ್ರೆ ಮೇಲೆ ಇಪ್ಪತ್ತು ದಾಸವಾಳದ ಫೋಟೋ ಬಂದು ಮುಚ್ಚಿಹೋಗುತ್ತೆ, ಅದೂ ನಿಜ. ಸರಿ, ಸಲಕರಣೆ ಪ್ರಶ್ನೆಗೆ ಬೇರೆ ಟ್ಯಾಗ್ ಮಾಡೋಣ, ಯಾರು ಬೇಡ ಅಂದ್ರು? ಆದ್ರೆ ಫೋಟೋಗೆ ಯಾಕೆ?

ಬೇರ್ಪಡಿಸ್ಲೇಬೇಕು ಅಂದ್ರೆ ವಿಷಯದ ಮೇಲೆ ಮಾಡಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರದ್ದು, ಅಂಥ ಕ್ಲಬ್ಬುಗಳ ಸಲೋನ್‌ಗಳಲ್ಲಿ, ಅಂದ್ರೆ ಫೋಟೋ ಸ್ಪರ್ಧೆಗಳಲ್ಲಿ, ನೇಚರ್, ಟ್ರಾವೆಲ್, ಮೊನೊಕ್ರೋಮ್ ಅಂತಾನೇ ವಿಭಾಗ ಮಾಡೋದು. ನೇಚರ್‌ನಲ್ಲಿ ಅಡ್ಡ ಬಂದ ಕೊಂಬೆ ಅಳಿಸೋ ಹಾಗಿಲ್ಲ, ಕ್ರಾಪ್ ಬೇಕಾದ್ರೆ ಮಾಡ್ಕೊ. ನಿಜವಾಗ್ಲೂ ನಮಗೆ ಬೇಕಿರೋದು ಈ ಥರದ ನಿಯಮ, ಯಾಕಂದ್ರೆ ಈಗ ಬೆರಳಲ್ಲಿ ಸವರಿದ್ರೆ ಫೋನಲ್ಲಿ ಕರೆಂಟ್ ಕಂಬ ಮಾಯ, ಲ್ಯಾಪ್‌ಟಾಪಲ್ಲಿ ಡಿಎಸ್‌ಎಲ್‌ಆರ್‌ನೋರು ಆಕಾಶಾನೇ ಬದಲಾಯಿಸ್ತಾರೆ (ಮೊನ್ನೆ ಒಬ್ರ ಕೆರೇಲಿ ಸೂರ್ಯ ಉತ್ತರಕ್ಕೆ ಮುಳುಗಿದ್ದ, 180 ಲೈಕು). ಆ ಬಗ್ಗೆ ಯಾರೂ ಚಕಾರ ಎತ್ತಲ್ಲ.

ಇನ್ನೊಂದು ತಮಾಷೆ ಅಂದ್ರೆ ಲಕ್ಷಾಂತರ ರೂಪಾಯಿ ಕ್ಯಾಮೆರಾದಲ್ಲಿ ತೆಗೆದ ಫೋಟೋನೂ ಫೇಸ್‌ಬುಕ್ಕು ಕುಗ್ಗಿಸೇ ತೋರ್ಸೋದು, ನಾವದನ್ನ ನೋಡೋದು ಬಸ್ಸಲ್ಲಿ ನಿಂತ್ಕೊಂಡು ಅಂಗೈಯಗಲದ ಸ್ಕ್ರೀನಲ್ಲಿ.

ವೋಟಿಂಗ್ ಭಾನುವಾರ ರಾತ್ರಿ ಮುಗಿಯುತ್ತೆ, ನಾನು "ಬೇಡ" ಒತ್ತಿದೀನಿ. ಆ ಹುಡುಗಿಗೆ ಒರಿಜಿನಲ್ ಫೈಲು ವಾಟ್ಸಾಪಲ್ಲಿ ಡಾಕ್ಯುಮೆಂಟ್ ಮಾಡಿ ಕಳ್ಸಮ್ಮಾ ಅಂದಿದ್ದೆ. ಕಳಿಸಿದ್ಲು, 4000×3000 ಪಿಕ್ಸೆಲ್, 8×12 ಇಂಚಿನ ಪ್ರಿಂಟಿಗೆ ಧಾರಾಳ. ನಿನ್ನೆ ಲ್ಯಾಬಲ್ಲಿ ಹಾಕಿಸ್ದೆ. ಕೌಂಟರಿನ ಹುಡುಗ ಪ್ರಿಂಟ್ ಕೈಗೆ ಕೊಡೋ ಮುಂಚೆ ಸ್ವಲ್ಪ ಹೊತ್ತು ನೋಡ್ತಾ ನಿಂತಿದ್ದ, ಆಮೇಲೆ "ಇದು ಯಾವೂರು ಸಾರ್?" ಅಂದ. ಲೆನ್ಸ್ ಯಾವ್ದು ಅಂತ ಕೇಳ್ಲಿಲ್ಲ.