ಕ್ಲಸ್ಟರ್‌ನ ಬುಡದಲ್ಲಿರುವ ಇಮೇಜ್ ಯಾರದು?

ಹಲವು ಸರ್ವರ್‌ಗಳನ್ನು ಒಂದಾಗಿ ದುಡಿಸುವ ಕ್ಲಸ್ಟರ್ ಕಟ್ಟುವಾಗ ನಡೆಯುವ ಚರ್ಚೆಗಳನ್ನು ಗಮನಿಸಿ. ಎಷ್ಟು ನೋಡ್ (ಅಂದರೆ ಸರ್ವರ್) ಬೇಕು, ಎಷ್ಟು ಮೆಮೊರಿ ಸಾಕು, ಯಾವ ನೆಟ್‌ವರ್ಕ್ ಪ್ಲಗಿನ್ ಹಾಕೋಣ ಎಂದು ಗಂಟೆಗಟ್ಟಲೆ ಮಾತಾಗುತ್ತದೆ. ಆ ನೋಡ್‌ಗಳೆಲ್ಲ ಯಾವ ಮೆಷಿನ್ ಇಮೇಜ್‌ನಿಂದ (ಆಪರೇಟಿಂಗ್ ಸಿಸ್ಟಮ್ ಸಮೇತ ಸಿದ್ಧವಾಗಿರುವ ಅಚ್ಚು) ಹುಟ್ಟಬೇಕು ಎಂಬಲ್ಲಿಗೆ ಬಂದಾಗ ಮಾತ್ರ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತಿ ಮುಂದೆ ಹೋಗುತ್ತಾರೆ. ಇದು ನನಗೆ ಸ್ವಲ್ಪವೂ ಸರಿಕಾಣುವುದಿಲ್ಲ. ಒಂದು ಸರ್ವರ್‌ನಲ್ಲಿ ದೋಷವಿದ್ದರೆ ಆ ಸರ್ವರ್ ಮಾತ್ರ ಕೆಡುತ್ತದೆ. ಇಮೇಜ್‌ನಲ್ಲೇ ದೋಷವಿದ್ದರೆ, ಬೇಡಿಕೆಗೆ ತಕ್ಕಂತೆ ನೋಡ್ ಹೆಚ್ಚಿಸುವ ಆಟೋಸ್ಕೇಲಿಂಗ್ ಅದನ್ನು ಪ್ರತಿ ಹೊಸ ನೋಡ್‌ಗೂ ತಪ್ಪದೆ ಹಂಚುತ್ತದೆ.

ಆದ್ದರಿಂದ ವೇಗ, ಗಾತ್ರ, ಪರಿಚಯ ಇವೆಲ್ಲಕ್ಕಿಂತ ಮೊದಲು ನಾನು ಕೇಳುವುದು ಒಂದೇ: ಈ ಇಮೇಜನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲಿಯವರೆಗೆ? ಸೆಂಟ್‌ಓಎಸ್ 8 ಎಂಬ ಲಿನಕ್ಸ್ ಅನ್ನು 2029ರವರೆಗೆ ನಂಬಿಕೊಂಡವರಿಗೆ, ಅದು 2021ರ ಡಿಸೆಂಬರ್ 31ಕ್ಕೇ ಮುಗಿಯುತ್ತದೆ ಎಂಬ ಸುದ್ದಿ ಸಿಕ್ಕಿದ್ದು ಕೇವಲ ಒಂದು ವರ್ಷ ಮೊದಲು. ಅಮೆಜಾನ್ ಕ್ಲೌಡ್‌ನವರ ಅಮೆಜಾನ್ ಲಿನಕ್ಸ್ 2ರ ಬೆಂಬಲಕ್ಕೆ 2026ರ ಜೂನ್ 30 ಗಡುವು. ಈ ದಿನಾಂಕಗಳು ತಂಡದ ಕ್ಯಾಲೆಂಡರ್‌ನಲ್ಲಿ ಇಲ್ಲದಿದ್ದರೆ ಇಮೇಜ್ ಆರಿಸಿದ್ದೇವೆ ಎಂದು ಹೇಳಿಕೊಳ್ಳಬಾರದು.

'ಯಾರು' ಎಂಬುದಂತೂ ಇನ್ನೂ ಗಂಭೀರ. 2025ರಲ್ಲಿ ಡೇಟಾಡಾಗ್ ಕಂಪನಿಯ ಭದ್ರತಾ ಸಂಶೋಧಕರು ಅಮೆಜಾನ್ ಕ್ಲೌಡ್‌ನಲ್ಲಿ ನಡೆಯಬಲ್ಲ 'ಹೂಆಮ್‌ಐ' ಎಂಬ ದಾಳಿಯನ್ನು ವಿವರಿಸಿದರು. ನೋಡ್ ಹುಟ್ಟಿಸುವ ಸ್ಕ್ರಿಪ್ಟ್, ಇಮೇಜ್ ಹೆಸರಿನ ಒಂದು ಮಾದರಿ ಕೊಟ್ಟು, ಅದಕ್ಕೆ ಹೊಂದುವ ಅತಿ ಹೊಸ ಇಮೇಜ್ ಬೇಕು ಎನ್ನುತ್ತದೆ, ಮಾಲೀಕರ ಖಾತೆಯನ್ನು ಮಾತ್ರ ಹೇಳುವುದಿಲ್ಲ. ದಾಳಿಕೋರ ಅದೇ ಮಾದರಿಯ ಹೆಸರಿಟ್ಟು ಸಾರ್ವಜನಿಕ ಇಮೇಜ್ ಒಂದನ್ನು ಪ್ರಕಟಿಸಿದರೆ ಮುಗಿಯಿತು. ಎಲ್ಲಕ್ಕಿಂತ ಹೊಸದು ಅವನದೇ! ಮಾಲೀಕರ ಖಾತೆಯನ್ನು ಸ್ಪಷ್ಟವಾಗಿ ಬರೆಯಿರಿ. ಉತ್ಪಾದನಾ ಕ್ಲಸ್ಟರ್‌ನಲ್ಲಿ ಹೆಸರಿನ ಹುಡುಕಾಟವೇ ಬೇಡ, ಇಮೇಜ್ ಐಡಿಯನ್ನೇ ಕೊಡಿ. ಅಮೆಜಾನ್‌ನಲ್ಲಿ ಈ ಐಡಿ ಪ್ರತಿ ರೀಜನ್‌ಗೂ (ಕ್ಲೌಡ್‌ನ ಭೌಗೋಳಿಕ ವಲಯ) ಬೇರೆ ಎಂಬುದು ನೆನಪಿರಲಿ.

ಇಮೇಜ್ ಬದಲಿಸುವುದು ಆಪರೇಟಿಂಗ್ ಸಿಸ್ಟಮ್‌ನವರ ಕೆಲಸ, ಅಪ್ಲಿಕೇಶನ್‌ಗೆ ಸಂಬಂಧವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಮೆಜಾನ್ ಲಿನಕ್ಸ್ 2ರಿಂದ ಅಮೆಜಾನ್ ಲಿನಕ್ಸ್ 2023ಕ್ಕೆ ಹೋದರೆ, ಪ್ರೋಗ್ರಾಂಗಳಿಗೆ ಮೆಮೊರಿ ಮಿತಿ ಹಾಕುವ ಸಿಗ್ರೂಪ್‌ನ ಮೊದಲ ಆವೃತ್ತಿಯಿಂದ ಎರಡನೆಯದಕ್ಕೆ ಹೋದಂತೆ. ಜಾವಾ 8 ಈ ಎರಡನೆಯ ಆವೃತ್ತಿಯನ್ನು ಓದಲು ಕಲಿತದ್ದು 372ನೇ ಅಪ್‌ಡೇಟ್‌ನಲ್ಲಿ. ಅದಕ್ಕಿಂತ ಹಳೆಯ ಜಾವಾ 8ಕ್ಕೆ ಇಲ್ಲಿ ಕಂಟೇನರ್‌ನ (ಅಪ್ಲಿಕೇಶನ್ ಓಡುವ ಪ್ರತ್ಯೇಕ ಆವರಣ) ಮಿತಿ ಕಾಣುವುದೇ ಇಲ್ಲ, ಇಡೀ ನೋಡ್‌ನ ಮೆಮೊರಿ ತನ್ನದೆಂದು ಭಾವಿಸುತ್ತದೆ. ಕಂಟೇನರ್‌ಗೆ ಕೊಟ್ಟಿರುವುದು 2 ಜಿಬಿ, ನೋಡ್‌ನಲ್ಲಿರುವುದು 64 ಜಿಬಿ ಎಂದುಕೊಳ್ಳಿ. ಗರಿಷ್ಠ ಹೀಪ್ (ಜಾವಾ ತನ್ನ ದತ್ತಾಂಶಕ್ಕೆ ಬಳಸುವ ಮೆಮೊರಿ) ನೋಡ್‌ನ ಮೆಮೊರಿಯ ಕಾಲುಭಾಗ, ಅಂದರೆ ಸುಮಾರು 16 ಜಿಬಿ ಎಂದು ಅದು ಲೆಕ್ಕ ಹಾಕುತ್ತದೆ. ಹೀಪ್ ಬೆಳೆದು 2 ಜಿಬಿ ದಾಟುತ್ತಲೇ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಆ ಜಾವಾ ಪ್ರೋಗ್ರಾಂ ಅನ್ನು ಕೊಲ್ಲುತ್ತದೆ. ಕೋಡ್‌ನ ಒಂದು ಸಾಲೂ ಬದಲಾಗಿಲ್ಲ, ಆದರೂ ಪಾಡ್‌ಗಳು (ಒಟ್ಟಿಗೆ ಓಡುವ ಕಂಟೇನರ್‌ಗಳ ಘಟಕಗಳು) ಸಾಯುತ್ತಿವೆ. ಪಾಪ, ಅಪ್ಲಿಕೇಶನ್ ತಂಡ ತನ್ನ ಕೋಡ್‌ನಲ್ಲೇ ಮೆಮೊರಿ ಸೋರಿಕೆ ಹುಡುಕುತ್ತಾ ಕೂರುತ್ತದೆ.

ಕ್ಲಸ್ಟರ್‌ನ ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್‌ನಲ್ಲಿ ಇನ್ನೊಂದು ಮಿತಿಯಿದೆ. ಇಮೇಜ್‌ನೊಳಗಿನ ಕ್ಯೂಬ್‌ಲೆಟ್ (ಪ್ರತಿ ನೋಡ್‌ನಲ್ಲೂ ಓಡುವ ಕುಬರ್ನೆಟೀಸ್‌ನ ಪ್ರತಿನಿಧಿ) ಕ್ಲಸ್ಟರ್‌ನ ಕೇಂದ್ರವಾದ ಎಪಿಐ ಸರ್ವರ್‌ಗಿಂತ ಹೊಸದಾಗಿರಕೂಡದು. ಈಗಿನ ಆವೃತ್ತಿಗಳಲ್ಲಿ ಮೂರು ಕಿರು ಆವೃತ್ತಿಗಳಷ್ಟು ಹಳೆಯದಾಗಿರಬಹುದು.

ಕಂಟೇನರ್‌ಗಳನ್ನಷ್ಟೇ ಓಡಿಸುವ ಕ್ಲಸ್ಟರ್‌ಗೆ ನನ್ನ ಒಲವು ಬಾಟಲ್‌ರಾಕೆಟ್, ಟ್ಯಾಲೋಸ್, ಫ್ಲ್ಯಾಟ್‌ಕಾರ್‌ನಂತಹ ಕಿರಿದಾದ ಆಪರೇಟಿಂಗ್ ಸಿಸ್ಟಮ್‌ಗಳ ಕಡೆಗೆ. ಟ್ಯಾಲೋಸ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಇಲ್ಲವೇ ಇಲ್ಲ, ತೊಂದರೆಯಾದರೆ ಒಳಹೊಕ್ಕು ಸರಿಮಾಡುವುದು ಹೇಗೆ ಎಂದು ಅನೇಕರು ಆಕ್ಷೇಪಿಸುತ್ತಾರೆ. ನನಗೆ ಅದೇ ಅದರ ಗುಣ. ಒಳಹೊಕ್ಕು ಮಾಡಿದ ರಿಪೇರಿ ಆ ಒಂದು ನೋಡ್‌ನೊಂದಿಗೇ ಸಾಯುತ್ತದೆ, ನಾಳೆ ಹುಟ್ಟುವ ನೋಡ್ ಹಳೆಯ ದೋಷದೊಂದಿಗೇ ಬರುತ್ತದೆ. ರಿಪೇರಿ ಇಮೇಜ್‌ನಲ್ಲಿ ಆಗಬೇಕು, ನೋಡ್ ಬದಲಾಗಬೇಕು. ಜಿಪಿಯು ನೋಡ್‌ಗಳ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುವುದಿಲ್ಲ. ಅಲ್ಲಿ ಡ್ರೈವರ್ ಮತ್ತು ಕರ್ನಲ್ ಹೊಂದಿಕೆಯೇ ಅರ್ಧ ಕೆಲಸ, ಕ್ಲೌಡ್‌ನವರು ಪರೀಕ್ಷಿಸಿ ಕೊಟ್ಟದ್ದನ್ನೇ ತೆಗೆದುಕೊಳ್ಳುವುದು ಮೇಲು.

ಸ್ವಂತ ಇಮೇಜ್ ತಯಾರಿಸುವವರು ಪಾಸ್‌ವರ್ಡ್ ಮತ್ತು ಸರ್ವರ್‌ನ ಗುರುತಾದ ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನು ಅಳಿಸಿ, ಮೆಷಿನ್ ಐಡಿ ಕಡತವನ್ನು ಖಾಲಿ ಮಾಡಿಯೇ ಮುಚ್ಚಬೇಕು.

ಹಳೆಯ ಇಮೇಜನ್ನು ತೆಗೆದುಹಾಕುವಾಗಲೂ ಅಷ್ಟೇ ಎಚ್ಚರ ಬೇಕು. ಅದರ ಐಡಿ ಯಾವುದೋ ಲಾಂಚ್ ಟೆಂಪ್ಲೇಟ್‌ನಲ್ಲಿ (ಹೊಸ ನೋಡ್ ಹುಟ್ಟಿಸುವ ವಿವರಗಳ ನಮೂನೆ) ಉಳಿದಿದ್ದರೆ, ಓಡುತ್ತಿರುವ ನೋಡ್‌ಗಳಿಗೆ ಏನೂ ಆಗುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ದಟ್ಟಣೆ ಏರಿ ಹೊಸ ನೋಡ್ ಬೇಕಾದಾಗ ಅದು ಹುಟ್ಟುವುದೇ ಇಲ್ಲ.