ರಿವೆಟ್ ಹೊಡೆದರೆ ರಿಬ್ ನೆಟ್ಟಗಾಗಲ್ಲ

ಮನೆಯಲ್ಲೇ ವಿಮಾನ ಕಟ್ಟುವವರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ. "ರಿಬ್ ಸ್ವಲ್ಪ ಸೊಟ್ಟ ಇದೆ, ಇರ್ಲಿ ಬಿಡಿ. ಸ್ಕಿನ್ ಕೂರಿಸಿ ರಿವೆಟ್ ಹೊಡೆದ್ರೆ ಎಳ್ಕೊಂಡು ಸರಿಹೋಗುತ್ತೆ."

ಸರಿಹೋಗಲ್ಲ. ಸರಿಹೋದ ಹಾಗೆ ಕಾಣುತ್ತೆ, ಅಷ್ಟೇ.

ಈ ಕೆಲಸ ನೋಡದವರಿಗೆ ಎರಡು ಮಾತು. ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ ಸ್ಪಾರ್. ಅದಕ್ಕೆ ಅಡ್ಡವಾಗಿ ಸಾಲಾಗಿ ನಿಲ್ಲುವ ತೆಳು ತಗಡಿನ ಬಿಲ್ಲೆಗಳು ರಿಬ್‌ಗಳು. ರೆಕ್ಕೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಆಕಾರ ಏನಿದೆಯೋ ಅದೇ ಆಕಾರ ಅವಕ್ಕೆ. ತಗಡು ಹೆಚ್ಚು ಕಡಿಮೆ ಅರ್ಧ ಮಿಲಿಮೀಟರ್ ದಪ್ಪ, ಸಾಮಾನ್ಯವಾಗಿ 6061-ಟಿ6 ಅಥವಾ 2024-ಟಿ3 ಅಲ್ಯೂಮಿನಿಯಂ. ಸುತ್ತಲಿನ ಅಂಚನ್ನು 90 ಡಿಗ್ರಿ ಮಡಚಿರುತ್ತಾರೆ. ಆ ಮಡಿಕೆಗೆ ಫ್ಲ್ಯಾಂಜ್ ಅಂತಾರೆ. ರೆಕ್ಕೆಯ ಮೇಲೆ ಹೊದಿಸುವ ತಗಡು ಸ್ಕಿನ್. ಅದು ರಿವೆಟ್ ಎಂಬ ಲೋಹದ ಮೊಳೆಗಳಿಂದ ಸೇರೋದು ಈ ಫ್ಲ್ಯಾಂಜ್‌ಗೇ.

ತಗಡನ್ನು ನೇರ ಗೆರೆಯ ಮೇಲೆ ಮಡಚುವುದು ಯಾರಿಗೂ ಕಷ್ಟವಿಲ್ಲ. ಉಬ್ಬಿದ ಗೆರೆಯ ಮೇಲೆ ಮಡಚಿ ನೋಡಿ. ಮಡಚುವ ಮೊದಲು ಹೊರ ಅಂಚು ಮಡಿಕೆಯ ಗೆರೆಗಿಂತ ಉದ್ದ ಇರುತ್ತೆ. ಮಡಚಿದ ಮೇಲೆ ಆ ಉದ್ದದ ಅಂಚು ಗಿಡ್ಡ ಜಾಗದಲ್ಲಿ ಹಿಡಿಸಬೇಕು. ಹೆಚ್ಚಾದ ಲೋಹ ಎಲ್ಲಿಗೂ ಹೋಗಲ್ಲ. ಅಲ್ಲೇ ಕೂತು ಇಡೀ ರಿಬ್ಬನ್ನು ಬಗ್ಗಿಸುತ್ತೆ. ಫ್ಲ್ಯಾಂಜ್ ಮೇಲ್ಮುಖವಾಗಿ ಇರುವಂತೆ ರಿಬ್ಬನ್ನು ಸಪಾಟಾದ ಮೇಜಿನ ಮೇಲಿಟ್ಟರೆ ಎರಡು ತುದಿ ಮೇಜಿಗೆ ತಾಗಿ, ನಡು ಮೇಲೆದ್ದಿರುತ್ತೆ. ನೀವು ಕೆಟ್ಟದಾಗಿ ಸುತ್ತಿಗೆ ಹೊಡೆದಿರಿ ಅಂತಲ್ಲ. ಕಾರ್ಖಾನೆಯ ಪ್ರೆಸ್‌ನಲ್ಲಿ ಒತ್ತಿ ಬಂದ ರಿಬ್ ಕೂಡ ಹೀಗೇ ಬಾಗಿರುತ್ತೆ. ಅಮೆರಿಕದ ವಿಮಾನ ತಯಾರಕ ಡಗ್ಲಸ್ ಕಂಪನಿಯಲ್ಲಿ 1930ರ ದಶಕದಲ್ಲಿ ಹೆನ್ರಿ ಗೆರಿನ್ ರಬ್ಬರ್ ದಿಂಡು ಇಟ್ಟು ತಗಡು ಒತ್ತುವ ವಿಧಾನ ತಂದರು. ಒಂದೇ ಅಚ್ಚು ಸಾಕು, ಎದುರಿನ ಅಚ್ಚಿನ ಕೆಲಸ ರಬ್ಬರ್ ಮಾಡುತ್ತೆ. ಆದರೆ ಹೆಚ್ಚಿನ ಲೋಹದ ಲೆಕ್ಕವನ್ನು ರಬ್ಬರ್ ಕೂಡ ತಪ್ಪಿಸಲಾರದು.

ಕೈಯಲ್ಲಿ ಮಾಡುವವರ ಅಚ್ಚು ಮರದ್ದು. ಗಟ್ಟಿ ಮರ, ಒಳ್ಳೆಯ ಪ್ಲೈವುಡ್, ಎಂಡಿಎಫ್, ಯಾವುದಾದರೂ ನಡೆಯುತ್ತೆ. ಎರಡು ಅಚ್ಚಿನ ನಡುವೆ ಕತ್ತರಿಸಿದ ತಗಡು. ಅದು ಸರಿಯದಂತೆ ಎರಡು ಪಿನ್. ಹೊರಗೆ ಗಟ್ಟಿಯಾಗಿ ಕ್ಲ್ಯಾಂಪ್. ಅಚ್ಚಿನ ಅಂಚು ಚೂಪಾಗಿದ್ದರೆ ಮಡಿಕೆಯಲ್ಲೇ ಬಿರುಕು ಬರುತ್ತೆ. ತಗಡಿನ ದಪ್ಪದ ಮೂರು ಪಟ್ಟಿನಷ್ಟು ದುಂಡಗೆ ಮಾಡಿಕೊಂಡರೆ ಭಯವಿಲ್ಲ. ಇನ್ನೊಂದು ವಿಷಯ: ಟಿ6ನಂಥ ಗಟ್ಟಿ ತಗಡು ಸ್ಪ್ರಿಂಗ್‌ನ ಹಾಗೆ ವಾಪಸ್ ಬರುತ್ತೆ. 90 ಡಿಗ್ರಿಗೆ ಹೊಡೆದು ಬಿಟ್ಟರೆ ಕೆಲವು ಡಿಗ್ರಿ ಬಿಚ್ಚಿಕೊಂಡು ನಿಲ್ಲುತ್ತೆ. ಅದಕ್ಕೇ ಅಚ್ಚಿನ ಬದಿಯನ್ನು ಮೊದಲೇ ಸ್ವಲ್ಪ ಒಳಗೆ ಓರೆ ಮಾಡಿರಬೇಕು. ಹೊಡೆಯೋದಕ್ಕೆ ನೈಲಾನ್ ಅಥವಾ ಮರದ ಸುತ್ತಿಗೆ. ಒಂದೇ ಕಡೆ ನಿಂತು ಪೂರ್ತಿ ಮಡಚಬಾರದು. ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರಬೇಕು.

ಗುರುತು ಹಾಕಲು ಪೆನ್ಸಿಲ್ ಮುಟ್ಟಬೇಡಿ. ಅದರ ಗ್ರಾಫೈಟ್ ಅಲ್ಯೂಮಿನಿಯಂ ಅನ್ನು ತಿನ್ನುತ್ತೆ. ಸಣ್ಣ ಮೊನೆಯ ಮಾರ್ಕರ್ ಸಾಕು.

ಈಗ ನನಗೆ ತುಂಬಾ ಇಷ್ಟವಾದ ಕೆಲಸ, ಫ್ಲೂಟಿಂಗ್. ಹೆಚ್ಚಾದ ಲೋಹವನ್ನು ಸೀರೆಯ ನಿರಿಗೆಯ ಹಾಗೆ ಮಡಚಿ ಒಳಗೆ ಸೇರಿಸೋದು, ಅಷ್ಟೇ. ಇದಕ್ಕೊಂದು ಇಕ್ಕಳ ಇದೆ. ಒಂದು ದವಡೆಯಲ್ಲಿ ಒಂದು ಬೆರಳು, ಇನ್ನೊಂದರಲ್ಲಿ ಎರಡು. ಮೊದಲು ಫ್ಲ್ಯಾಂಜ್ ಮೇಲೆ ರಿವೆಟ್ ಬರುವ ಜಾಗಗಳನ್ನು ಗುರುತಿಸಿಕೊಳ್ಳಿ. ನಿರಿಗೆ ಬೀಳಬೇಕಾದ್ದು ಎರಡು ರಿವೆಟ್‌ಗಳ ನಡುವೆ. ಅದರ ಉಬ್ಬು ರಿಬ್‌ನ ಒಳಗಡೆಗೆ ಹೋಗಬೇಕು, ಇಲ್ಲದಿದ್ದರೆ ಸ್ಕಿನ್ ಸಪಾಟಾಗಿ ಕೂರಲ್ಲ. ಇಕ್ಕಳವನ್ನು ಮೆತ್ತಗೆ ಒತ್ತಿ, ರಿಬ್ಬನ್ನು ಮೇಜಿನ ಮೇಲಿಟ್ಟು ನೋಡಿ, ಮತ್ತೆ ಒತ್ತಿ. ಮೂಗಿನ, ಅಂದರೆ ರಿಬ್‌ನ ಮುಂದಿನ ತುದಿಯ, ಹತ್ತಿರ ವಕ್ರ ಜಾಸ್ತಿ, ಅಲ್ಲಿ ಹತ್ತಿರ ಹತ್ತಿರ ನಿರಿಗೆ ಬೇಕು. ಹಿಂದೆ ಹೋದಂತೆ ಗೆರೆ ನೇರವಾಗುತ್ತೆ, ಕೆಲವೇ ಸಾಕು. ನಾಲ್ಕು ಕಡೆ ಒತ್ತುವಷ್ಟರಲ್ಲಿ ಮೇಲೆದ್ದ ನಡು ಇಳಿದು ಮೇಜಿಗೆ ಕೂರೋದು ಕಣ್ಣಿಗೇ ಕಾಣುತ್ತೆ. ಜಾಸ್ತಿ ಒತ್ತಿದರೆ ಈಗ ತುದಿಗಳು ಏಳುತ್ತವೆ. ಆಗ ಮಟ್ಟಸ ಬಾಯಿಯ ಇಕ್ಕಳದಿಂದ ಒಂದೆರಡು ನಿರಿಗೆಯನ್ನು ಸ್ವಲ್ಪ ಚಪ್ಪಟೆ ಮಾಡಿದರಾಯಿತು. ಸುಮ್ನೆ ಕೂತು ಮಾಡುವ ಕೆಲಸ, ಒಂದು ರಿಬ್‌ಗೆ ಕೆಲವೇ ನಿಮಿಷ. ಇದನ್ನು ತಪ್ಪಿಸಿಕೊಳ್ಳಲು ಜನ ಯಾಕೆ ಇಷ್ಟು ದಾರಿ ಹುಡುಕುತ್ತಾರೋ ನನಗಂತೂ ಗೊತ್ತಿಲ್ಲ.

ಇಷ್ಟು ಮಾಡದೆ ಹೋದರೆ ಏನಾಗುತ್ತೆ ಅಂತ ಲೆಕ್ಕ ಹಾಕಿ. ಫ್ಲ್ಯಾಂಜ್ 16 ಮಿಲಿಮೀಟರ್ ಅಗಲ ಅಂದುಕೊಳ್ಳೋಣ. ರಿವೆಟ್ ಸಾಲು ಅದರ ಮಧ್ಯೆ, ಅಂಚಿನಿಂದ 8 ಮಿಲಿಮೀಟರ್. ರಿವೆಟ್‌ನ ದಪ್ಪ 2.4 ಮಿಲಿಮೀಟರ್. ತೂತಿನ ಮಧ್ಯದಿಂದ ಅಂಚಿಗೆ ಕನಿಷ್ಠ ಅದರ ಎರಡು ಪಟ್ಟು, ಅಂದರೆ 4.8, ಇರಬೇಕು ಅನ್ನೋದು ಎಲ್ಲರೂ ಪಾಲಿಸುವ ನಿಯಮ. ಹಾಗಾದರೆ ನಿಮ್ಮ ಕೈಯಲ್ಲಿ ಉಳಿದದ್ದು 3 ಮಿಲಿಮೀಟರ್ ಚಿಲ್ಲರೆ. ರಿಬ್ 4 ಮಿಲಿಮೀಟರ್ ಬಾಗಿದ್ದರೆ ನಡುವಿನ ರಿವೆಟ್‌ಗಳು ಅಂಚಿಗೆ ತೀರಾ ಹತ್ತಿರ ಬೀಳುತ್ತವೆ. ಅಥವಾ ಆಚೆ ಬದಿಗೆ ಸರಿದು ಮಡಿಕೆಯ ದುಂಡನ್ನೇ ಹತ್ತುತ್ತವೆ. ಬೇಡ ಅಂತ ರಿಬ್ಬನ್ನು ಕೈಯಲ್ಲಿ ಎಳೆದು ಹಿಡಿದು ಡ್ರಿಲ್ ಮಾಡಿದಿರೋ, ಆ ಎಳೆತ ಒಳಗೇ ಉಳಿಯಿತು. ಸ್ಕಿನ್ ಅದನ್ನು ಹೊರಬೇಕು. ಬೆರಳಿಂದ ಒತ್ತಿದರೆ ತಗಡು ಟಕ್ ಅಂತ ಒಳಗೆ ಹೋಗಿ ಟಕ್ ಅಂತ ಹೊರಗೆ ಬರುತ್ತಲ್ಲ, ಆಯಿಲ್ ಕ್ಯಾನಿಂಗ್ ಅಂತಾರೆ, ಅದಕ್ಕೆ ಇದೂ ಒಂದು ಕಾರಣ.

"ಈಗಿನ ಕಿಟ್‌ಗಳಲ್ಲಿ ತೂತುಗಳೆಲ್ಲ ಮೊದಲೇ ಹೊಡೆದಿರುತ್ತಲ್ಲ" ಅನ್ನುತ್ತೀರಿ. ಹೌದು. ಆರ್‌ವಿ-7, ಆರ್‌ವಿ-10ರಂಥ ಈಚಿನ ಕಿಟ್ ವಿಮಾನ ಕಟ್ಟುವವರು, ಹಳೆಯ ಆರ್‌ವಿ-4 ಕಟ್ಟಿದವರ ಹಾಗೆ ಭಾಗಗಳನ್ನು ನೆಟ್ಟಗೆ ಹಿಡಿದಿಡುವ ದೊಡ್ಡ ಚೌಕಟ್ಟು, ಅಂದರೆ ಜಿಗ್, ನಿಲ್ಲಿಸಬೇಕಾಗಿಲ್ಲ. ತೂತಿಗೆ ತೂತು ಕೂಡಿದರೆ ಆಕಾರ ತಾನೇ ಬರುತ್ತೆ. ಇದರ ಬೇರು ಹಳೆಯದು. 1964ರಲ್ಲಿ ಹಾರಿದ ಟಿ-18 ವಿಮಾನಕ್ಕೆ ಅದರ ವಿನ್ಯಾಸಕ ಜಾನ್ ಥಾರ್ಪ್ ಇದೇ ಯೋಚನೆ ಬಳಸಿದ್ದರು, ಅದೂ ನಕ್ಷೆ ನೋಡಿ ಕೈಯಲ್ಲೇ ಕಟ್ಟುವವರಿಗಾಗಿ. ನನಗೆ ಆ ವಿಧಾನದ ಮೇಲೆ ಅಪಾರ ಗೌರವ. ಆದರೆ ರಿಬ್ ಬಾಗಿದ್ದರೆ ತೂತಿಗೆ ತೂತು ಕೂಡೋದೇ ಇಲ್ಲ. ಆಗ ಕ್ಲೀಕೊ (ರಿವೆಟ್ ಹೊಡೆಯುವವರೆಗೆ ತಗಡುಗಳನ್ನು ತೂತಿನಲ್ಲಿ ಹಿಡಿದಿಡುವ ತಾತ್ಕಾಲಿಕ ಪಿನ್) ತುರುಕಿ ಬಲವಂತ ಮಾಡುತ್ತಾರೆ. ಇಲ್ಲವೇ ಡ್ರಿಲ್ ಓರೆ ಮಾಡಿ ದುಂಡು ತೂತನ್ನು ಮೊಟ್ಟೆ ಆಕಾರ ಮಾಡಿಬಿಡುತ್ತಾರೆ. ಹಾಗಾಗಿ ಕಿಟ್ ಕಟ್ಟುವವರಿಗೂ ಫ್ಲೂಟಿಂಗ್ ತಪ್ಪಿದ್ದಲ್ಲ.

ನಕ್ಷೆಯಿಂದ ಕಟ್ಟುವವರಿಗೆ ಇನ್ನೊಂದು ಹೊರೆ ಇದೆ: ರಿಬ್‌ಗಳನ್ನು ಒಂದೇ ಸಾಲಿಗೆ ತರೋದು. ಪ್ರತಿ ಫ್ಲ್ಯಾಂಜ್ ಮೇಲೆ ನಡುಗೆರೆ ಎಳೆದು, ಸ್ಕಿನ್‌ನ ತೂತಿನಲ್ಲಿ ಆ ಗೆರೆ ಕಾಣುವವರೆಗೆ ರಿಬ್ಬನ್ನು ಆಚೆ ಈಚೆ ತಳ್ಳಬೇಕು. ಮೊದಲ ರಿಬ್‌ನಿಂದ ಕೊನೆಯ ರಿಬ್‌ಗೆ ದಾರ ಬಿಗಿದು, ನಡುವಿನದು ದಾರ ಎತ್ತುತ್ತಿದೆಯಾ, ಕೆಳಗೆ ಉಳಿದಿದೆಯಾ ನೋಡಬೇಕು. ರೆಕ್ಕೆಯ ತಿರುಚನ್ನು ತೂಕದ ಗುಂಡು ಇಳಿಬಿಟ್ಟು ಅಥವಾ ಡಿಜಿಟಲ್ ಮಟ್ಟ ಇಟ್ಟು ಅಳೆಯಬೇಕು. ಒಂದೂವರೆ ಮೀಟರ್ ಅಗಲದ ರೆಕ್ಕೆಯಲ್ಲಿ 1 ಡಿಗ್ರಿ ಅಂದರೆ ರೆಕ್ಕೆಯ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ನಡುವೆ ಸುಮಾರು 26 ಮಿಲಿಮೀಟರ್ ಏರಿಳಿತ. ಗುಂಡಿನ ದಾರ ಕೆಲವು ಮಿಲಿಮೀಟರ್ ಸರಿದರೂ ಕಣ್ಣಿಗೆ ಸಿಗುತ್ತೆ. ದುಬಾರಿ ಉಪಕರಣ ಇಲ್ಲ ಅನ್ನೋದು ನೆಪ.

ಮೂಗಿನ ಸ್ಕಿನ್ ಸುತ್ತಿ ಸ್ಪಾರ್‌ಗೆ ರಿವೆಟ್ ಮಾಡಿದ ಕ್ಷಣ ಅದು ಮುಚ್ಚಿದ ಪೆಟ್ಟಿಗೆಯಾಗುತ್ತೆ. ತಿರುಚನ್ನು ತಡೆಯೋದೇ ಅದರ ಕೆಲಸ. ಆಗ ಇರುವ ತಿರುಚೂ ಅಲ್ಲೇ ಬೀಗ ಹಾಕಿಕೊಳ್ಳುತ್ತೆ. ಎಡ ಬಲ ಒಂದೇ ಥರ ಇಲ್ಲದಿದ್ದರೆ ವಿಮಾನ ಯಾವಾಗಲೂ ಒಂದು ಕಡೆ ವಾಲುತ್ತೆ, ಪೈಲಟ್ ಸ್ಟಿಕ್ ಒತ್ತಿ ಹಿಡಿದೇ ಹೋಗಬೇಕು. ಹಾಗಾಗಿ ಮುಚ್ಚುವ ಮೊದಲಿನ ಅಳತೆಯನ್ನು ಕಟ್ಟಿದವರೇ ತೆಗೆಯಬಾರದು ಅನ್ನೋದು ನನ್ನ ಹಟ. ಈ ಕೆಲಸ ಬಲ್ಲ ಇನ್ನೊಬ್ಬರನ್ನು ಕರೆಯಿರಿ. ನಿಮ್ಮ ಅಂಕಿಗಳನ್ನು ತೋರಿಸಬೇಡಿ. ಅವರೇ ಅಳೆದು ಬರೆಯಲಿ, ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ತಾಳೆಯಾಗದಿದ್ದರೆ ಕ್ಲೀಕೊ ಬಿಚ್ಚಿ, ಇಕ್ಕಳ ತೆಗೆದುಕೊಂಡು ಮತ್ತೆ ಮೇಜಿಗೆ ಹೋಗಿ.